ಮಂತ್ರ ಬಲ್ಲವರಿಗೆ ಮಾತ್ರ

ರಗಳೆಯೆಲ್ಲ ಶುರುವಾದದ್ದು ಎಂಬತ್ತಮೂರನೇ ಪುಟದ ಒಂದು ಸಾಲಿನಿಂದ.

'ಮೌನವಾಣಿ: ಮಂತ್ರ ಪ್ರಯೋಗಿಸಬಲ್ಲವರು ಮಾತ್ರ ಈ ಶಕ್ತಿಯನ್ನು ಪಡೆಯಬಹುದು.'

ಅದೊಂದು ಆಟದ ನಿಯಮದ ಪುಸ್ತಕ. ಪ್ರತಿ ಶನಿವಾರ ಸಂಜೆ ಟೈಲರ್ ಅಂಗಡಿಯ ಮಹಡಿಯಲ್ಲಿ ಐದು ಜನ ಮೇಜಿನ ಸುತ್ತ ಕೂತು ಆಡುತ್ತಿದ್ದರು. ಗಣಿತದ ಮೇಷ್ಟ್ರು ಕತೆ ನಡೆಸುವುದು. ಉಳಿದ ನಾಲ್ವರು ಅದರೊಳಗಿನ ಒಂದೊಂದು ಪಾತ್ರವಾಗಿ, ಬಾಗಿಲು ಒದೀತೀನಿ, ಬೀಗ ಬಿಚ್ತೀನಿ ಎನ್ನುತ್ತ ದಾಳ ಉರುಳಿಸುವುದು. ಟೈಲರ್ ಅಲ್ಲಿ ಕಳ್ಳ. ಪಕ್ಕದ ಬೀದಿಯ ಔಷಧಿ ಅಂಗಡಿಯಾಕೆ ಮಂತ್ರಗಾತಿ. ಪ್ರೆಸ್ಸಿನಲ್ಲಿ ಪುಸ್ತಕ ಹೊಲಿದು ರಟ್ಟು ಹಾಕುವ ನಮ್ಮ ಬೈಂಡರ್ ಒಬ್ಬ ಸಾದಾ ಸಿಪಾಯಿ. ಅವನ ಅಕ್ಕನ ಗಂಡ, ಎಲೆಕ್ಟ್ರಿಷಿಯನ್ ಭಾವ, ಬಿಲ್ಲುಗಾರ.

ಎರಡು ವರ್ಷದಿಂದ ಬೈಂಡರ್ ಔಷಧಿ ಅಂಗಡಿಯಾಕೆಯ ಎದುರಿಗೇ ಕೂರುತ್ತಿದ್ದ. ಅಷ್ಟು ದಿನದಲ್ಲಿ ಆ ಮೇಜಿನಲ್ಲಿ ಆಕೆಯ ಜೊತೆ ಆಡಿದ ಮಾತು ಎರಡೇ: "ದಾಳ ಈ ಕಡೆ ತಳ್ಳಿ" ಮತ್ತು "ಫ್ಯಾನ್ ಜಾಸ್ತಿ ಆಯ್ತಾ?" ವಾರದ ಮಧ್ಯೆ ಆಕೆಯ ಅಂಗಡಿಗೆ ಹೋಗಿ ತಲೆನೋವಿನ ಮುಲಾಮು ಕೊಳ್ಳುತ್ತಿದ್ದ. ಆಕೆ ಪೊಟ್ಟಣ ಕಟ್ಟಿ, "ಇನ್ನೇನಾದ್ರೂ ಬೇಕಿತ್ತಾ?" ಎಂದು ಕೇಳುವಳು. "ಏನಿಲ್ಲ" ಎಂದು ಹೊರಟುಬರುವನು. ದಾರಿಯುದ್ದಕ್ಕೂ ಏನೇನು ಬೇಕಿತ್ತು ಅನ್ನುವುದು ಒಂದೊಂದೇ ನೆನಪಾಗುವುದು. ಎಂದೂ ತಲೆನೋವು ಬಾರದ ಅವನ ಕಪಾಟಿನಲ್ಲಿ ಹನ್ನೊಂದು ಮುಲಾಮಿನ ಡಬ್ಬಿಗಳಿದ್ದವು.

ಮೌನವಾಣಿ ಇದ್ದವರು ಒಬ್ಬರಿಗೊಬ್ಬರು ಚೀಟಿ ಬರೆದು ಗುಟ್ಟಾಗಿ ಮಾತಾಡಬಹುದು. ಚೀಟಿ ಮೇಷ್ಟ್ರ ಕೈ ದಾಟಿ ಆ ಶಕ್ತಿ ಇದ್ದವರಿಗೆಲ್ಲ ಹೋಗುತ್ತದೆ. ಉಳಿದವರಿಗೆ ಅದು ತಿಳಿಯಬಾರದು ಅನ್ನುವುದೇ ನಿಯಮ. ಆ ಶಕ್ತಿ ಇದ್ದದ್ದು ಆಕೆಯೊಬ್ಬಳಿಗೇ. ಆ ಕಡೆಯಿಂದ ಉತ್ತರಿಸುವವರಿಲ್ಲದೆ ಅದು ಸುಮ್ಮನೆ ಬಿದ್ದಿತ್ತು. ಬಾಯಲ್ಲಿ ಹೇಳಲಾಗದ್ದನ್ನು ಚೀಟಿಯಲ್ಲಿ ಬರೆಯಬಹುದಲ್ಲ ಎಂದು ಬೈಂಡರನಿಗೆ ಹೊಳೆದು ನಾಲ್ಕು ತಿಂಗಳಾಗಿತ್ತು. ಅಡ್ಡ ನಿಂತದ್ದು ಆ ಒಂದು ಸಾಲು. ಸಿಪಾಯಿಗೆ ಮಂತ್ರ ಬರುವುದಿಲ್ಲ. ಆದರೆ ಕಳೆದ ವಾರದ ಆಟದಲ್ಲಿ ಅವನಿಗೊಂದು ಉಂಗುರ ಸಿಕ್ಕಿತ್ತು. ತಿರುಗಿಸಿದರೆ ದಿನಕ್ಕೊಂದು ಸಲ ಬೆಳಕಿನ ಮಂತ್ರ ಹೊರಡುತ್ತಿತ್ತು. ಹಾಗಾದರೆ ಈಗ ಅವನು ಮಂತ್ರ ಪ್ರಯೋಗಿಸಬಲ್ಲವನೋ ಅಲ್ಲವೋ?

ಶನಿವಾರ ಬೆಳಿಗ್ಗೆ ಪ್ರೆಸ್ಸಿಗೆ ಕಾಲಿಟ್ಟವನೇ ನಿಯಮದ ಪುಸ್ತಕ ತೆಗೆದುಕೊಂಡು, ಅಲ್ಲೇ ಪ್ರೂಫ್ ನೋಡುವ ತನ್ನ ಅಕ್ಕನ ಮೇಜಿಗೆ ಹೋದ. ಅಕ್ಕನಿಗೆ ಒಂದು ಸಾಲು ಕೊಟ್ಟರೆ ಇರುವೆಗೆ ಬೆಲ್ಲದಚ್ಚು ಕೊಟ್ಟ ಹಾಗೆ.

"ಪ್ರಯೋಗಿಸಬಲ್ಲವರು ಅಂತಿದೆ, ಕಲಿತವರು ಅಂತಿಲ್ಲ," ಎಂದಳು ಅಕ್ಕ, ಕನ್ನಡಕ ಮೇಲೇರಿಸಿ. "ಬಲ್ಲ ಅಂದ್ರೆ ಕೈಲಾಗುತ್ತೆ ಅಂತ. ಹೇಗೆ ಆಗುತ್ತೆ ಅಂತ ಇವರು ಕೇಳೇ ಇಲ್ಲ. ನಿನ್ನ ಕೈಯಿಂದ ಮಂತ್ರ ಹೊರಡುತ್ತೆ ತಾನೇ?"

"ಹೊರಡುತ್ತೆ ಅಕ್ಕ. ದಿನಕ್ಕೊಂದು ಸಲ."

"ಹಾಗಿದ್ರೆ ನೀನು ಮಂತ್ರವಾದಿನೇ. ಬರೆದುಕೊಡ್ತೀನಿ, ತಗೊಂಡು ಹೋಗು."

ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರ್ ಕಿವಿಗೆ ಬಿದ್ದದ್ದು ಕೊನೆಯ ಎರಡು ಮಾತು ಮಾತ್ರ. ಅವರು ಎಡ ಮಂಡಿ ನೀವಿಕೊಳ್ಳುತ್ತ ಹೋದರು.

ಬೈಂಡರ್ ತನ್ನ ಜಾಗಕ್ಕೆ ಬಂದು ಕೂತ. ಕೈ ಅಂಟು ಬಳಿಯುತ್ತಿತ್ತು, ಮನಸ್ಸು ಚೀಟಿ ಬರೆಯುತ್ತಿತ್ತು. ಅಂದು ಪಶುವೈದ್ಯದ ಕೈಪಿಡಿಗೆ ಹಸುವಿನ ಚಿತ್ರದ ರಟ್ಟು ಹಾಕುವ ಕೆಲಸ. ಹನ್ನೆರಡು ಗಂಟೆಗೆ ತಲೆಯೆತ್ತಿ ನೋಡಿದರೆ ಎಂಬತ್ತು ಪುಸ್ತಕಗಳ ಮೇಲೆ ಎಂಬತ್ತು ಹಸುಗಳು ಕಾಲು ಮೇಲೆ ಮಾಡಿ ನಿಂತಿದ್ದವು.

ಮ್ಯಾನೇಜರ್ ಒಳಗೆ ಕರೆದರು. ಕೆಲಸ ಹೋಯಿತು ಎಂದುಕೊಂಡು ಹೋದ. ಅವರು ಬಾಗಿಲು ಹಾಕಿ, ದನಿ ತಗ್ಗಿಸಿ, "ಎಷ್ಟು ದಿನದಿಂದ ನಡೀತಿದೆ ಇದು?" ಎಂದರು.

"ಎರಡು ವರ್ಷ ಸಾರ್."

"ಮತ್ತೆ ಯಾರಿಗೂ ಹೇಳಲೇ ಇಲ್ಲವಲ್ಲೋ." ಮ್ಯಾನೇಜರ್ ಪ್ಯಾಂಟನ್ನು ಮೊಣಕಾಲಿನ ತನಕ ಮಡಿಸಿದರು. "ಎಡಗಡೆದು. ಮೆಟ್ಟಿಲು ಹತ್ತೋಕೆ ಆಗಲ್ಲ. ಏನಾದ್ರೂ ಮಂತ್ರ ಹಾಕು."

ಅದು ಆಟ, ಆ ಮಂತ್ರದಿಂದ ಬರೀ ಬೆಳಕು ಬರುತ್ತೆ, ಅದೂ ಉಂಗುರದಿಂದ ಎಂದೆಲ್ಲ ಹೇಳಿನೋಡಿದ. ಹೇಳಿದಷ್ಟೂ ಅವರ ನಂಬಿಕೆ ಗಟ್ಟಿಯಾಗುತ್ತ ಹೋಯಿತು. ಕೊನೆಗೆ ಬೈಂಡರ್ ಕಣ್ಣು ಮುಚ್ಚಿ ಮ್ಯಾನೇಜರ್ ಮಂಡಿಯ ಮೇಲೆ ಎರಡು ನಿಮಿಷ ಕೈಯಿಟ್ಟುಕೊಂಡು ಕೂತ. "ಸ್ವಲ್ಪ ಹಗುರ ಆಯ್ತು," ಎಂದರು ಅವರು. "ಹಸುಗಳನ್ನ ಸಂಜೆಯೊಳಗೆ ನೆಟ್ಟಗೆ ನಿಲ್ಲಿಸಿ ಹೋಗು."

ಊಟ ಬಿಟ್ಟು ಎಂಬತ್ತು ರಟ್ಟು ಕಿತ್ತು, ಮತ್ತೆ ಹಾಕಿ ಮುಗಿಸುವ ಹೊತ್ತಿಗೆ ಬೆರಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಗೇಟಿನ ಹತ್ತಿರ ಭಾವ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಅಕ್ಕ ಅವನಿಗೆ ಆಗಲೇ ವಿಷಯ ಹೇಳಿದ್ದಳು.

"ಆ ಶಕ್ತಿ ನಿನಗ್ಯಾಕೋ?" ಎಂದ ಭಾವ ದಾರಿಯಲ್ಲಿ.

"ಯುದ್ಧದಲ್ಲಿ ಉಪಯೋಗಕ್ಕೆ ಬರುತ್ತೆ ಭಾವ."

"ಬರುತ್ತೆ, ಬರುತ್ತೆ. ನೀನು ಸುಮ್ಮನಿರು. ನಾನು ಮಾತಾಡ್ತೀನಿ."

ಭಾವ ಮಾತಾಡುತ್ತೇನೆ ಎಂದ ಕಡೆ ಏನಾದರೊಂದು ಸುಡದೆ ಇರುತ್ತಿರಲಿಲ್ಲ. ಬೈಂಡರ್ ಹಿಂದಿನ ಸೀಟಿನಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಕೂತ.

ಮಹಡಿಯ ಮೇಲೆ ಆಟ ಶುರುವಾಗುವ ಮೊದಲೇ ಭಾವ ಮೇಜು ಗುದ್ದಿ ವಿಷಯ ಎತ್ತಿದ. ಮೇಷ್ಟ್ರು ಎಂಬತ್ತಮೂರನೇ ಪುಟವನ್ನು ಎರಡು ಸಲ ಓದಿದರು.

"ಮಂತ್ರ ಇರೋದು ಉಂಗುರದಲ್ಲಿ, ಸಿಪಾಯಿಲಿ ಅಲ್ಲ. ಟಾರ್ಚ್ ಹಿಡಿದವನು ಸೂರ್ಯ ಆಗ್ತಾನೇನ್ರೀ?"

"ಆಗಲ್ಲ ಮೇಷ್ಟ್ರೇ, ಆದ್ರೆ ಕತ್ತಲಲ್ಲಿ ಎಡವೋದೂ ಇಲ್ಲ," ಎಂದ ಭಾವ.

ಬೈಂಡರ್ ಅಕ್ಕನ ಕಾಗದ ಮುಂದಿಟ್ಟ. ಮೇಷ್ಟ್ರು ಅದನ್ನೂ ಓದಿ, ಕೆಂಪು ಪೆನ್ನಿನಲ್ಲಿ ಒಂದು ಅಲ್ಪವಿರಾಮ ತಿದ್ದಿ, ತಲೆಯಾಡಿಸಿದರು. ಒಪ್ಪುವ ಲಕ್ಷಣ ಕಾಣಲಿಲ್ಲ.

ಆಗ ಔಷಧಿ ಅಂಗಡಿಯಾಕೆ ಮಾತಾಡಿದಳು. "ನನ್ನ ಅಂಗಡಿಗೆ ಬಂದವರು ನೋವು ಹೋಗುತ್ತಾ ಅಂತ ಕೇಳ್ತಾರೆ. ಮಾತ್ರೆ ನೀವೇ ಮಾಡಿದ್ರಾ ಅಂತ ಯಾರೂ ಕೇಳಲ್ಲ. ಅವರ ಕೈಲಿ ಮಂತ್ರ ಆಗುತ್ತೆ ಅಂದ್ಮೇಲೆ ಆಗುತ್ತೆ. ಕೊಟ್ಟುಬಿಡಿ ಮೇಷ್ಟ್ರೇ."

ಎರಡು ವರ್ಷದಲ್ಲಿ ಆಕೆ ಅವನ ವಿಷಯವಾಗಿ ಇಷ್ಟು ಮಾತಾಡಿದ್ದು ಇದೇ ಮೊದಲು. ಬೈಂಡರನ ಕಿವಿ ಬಿಸಿಯಾಯಿತು. ಮೇಷ್ಟ್ರು ಪುಸ್ತಕ ಮುಚ್ಚಿದರು. "ಸರಿ. ಯಾವ ದಾರಿಯಿಂದಾದ್ರೂ ಸರಿ, ಮಂತ್ರ ಹೊರಡಿಸಬಲ್ಲ ಯಾರೇ ಆದರೂ ಮೌನವಾಣಿ ತಗೋಬಹುದು."

ಬೈಂಡರನಿಗೆ ಆಮೇಲೆ ಏನೂ ಕೇಳಿಸಲಿಲ್ಲ. ಚೀಟಿ ಎಳೆದುಕೊಂಡು, ಎಡಗೈಯಿಂದ ಮರೆ ಮಾಡಿ, ಪರೀಕ್ಷೆಗೆ ಕೂತ ಹುಡುಗನ ಹಾಗೆ ಬಗ್ಗಿ ಬರೆಯತೊಡಗಿದ. ನಾಲ್ಕು ತಿಂಗಳಿಂದ ಬಾಯಿಪಾಠವಾಗಿದ್ದ ಮೂರು ವಾಕ್ಯ. ಆದರೂ ಪ್ರತಿ ಅಕ್ಷರವನ್ನೂ ಎರಡೆರಡು ಸಲ ತಿದ್ದಿದ. ಸುತ್ತ ಏನೋ ಗದ್ದಲ. ಕುರ್ಚಿಗಳು ಸರಿದವು, ಯಾರೋ ಚಪ್ಪಲಿ ಅಂದರು, ಯಾರೋ ನಕ್ಕರು. ಅದೆಲ್ಲ ಬಾವಿಯೊಳಗಿಂದ ಬಂದಂತಿತ್ತು. ಹೆಸರು ಬರೆಯಲಿಲ್ಲ. ಯಾಕೆ ಬೇಕು, ಚೀಟಿ ಹೋಗುವುದು ಒಬ್ಬಳಿಗೇ ತಾನೇ? ನಾಲ್ಕಾಗಿ ಮಡಿಸಿ, ಅಂಟಿನ ಬೆರಳಿನಿಂದ ಕಷ್ಟಪಟ್ಟು ಬಿಡಿಸಿ ಮೇಷ್ಟ್ರ ಕೈಗಿತ್ತ.

ಮೇಷ್ಟ್ರು ಚೀಟಿ ಬಿಚ್ಚಿ ಗಟ್ಟಿಯಾಗಿ ಓದಿದರು.

"'ನಾಳೆ ಸಂಜೆ ನಾಲ್ಕಕ್ಕೆ ಸೇತುವೆ ಪಕ್ಕದ ಟೀ ಅಂಗಡಿಗೆ ಬರ್ತೀರಾ? ಬಹಳ ದಿನದಿಂದ ಕೇಳಬೇಕು ಅಂದುಕೊಂಡಿದ್ದೆ. ಧೈರ್ಯ ಆಗಿರಲಿಲ್ಲ.'"

ಬೈಂಡರ್ ಕುರ್ಚಿಯಿಂದ ಅರ್ಧ ಎದ್ದ. "ಗಟ್ಟಿಯಾಗಿ ಯಾಕೆ ಓದಿದ್ರಿ ಮೇಷ್ಟ್ರೇ?"

"ಎಲ್ಲರಿಗೂ ಕೇಳಿಸಬೇಕಲ್ಲ. ಟೈಲರ್ ಹತ್ರ ಹಾರೋ ಚಪ್ಪಲಿ ಇದೆ, ನಿನ್ನ ಭಾವನ ಹತ್ರ ಬೆಂಕಿ ಬಾಣ, ಎರಡೂ ಮಂತ್ರದವೇ. ನಿನಗೆ ಕೊಟ್ಟ ಮೇಲೆ ಅವರಿಗೆ ಇಲ್ಲ ಅನ್ನೋಕೆ ಬರುತ್ತಾ? ನೀನು ಬರೀತಾ ಕೂತಿದ್ದಾಗಲೇ ಇಬ್ಬರೂ ತಗೊಂಡ್ರು. ಈಗ ನಾಲ್ಕೂ ಜನಕ್ಕೆ ಮೌನವಾಣಿ ಇದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಚೀಟಿ ತೋರಿಸ್ತಾ ಕೂತ್ರೆ ರಾತ್ರಿಯಾಗುತ್ತೆ."

ಟೈಲರ್ ಕತ್ತಿನಲ್ಲಿದ್ದ ಅಳತೆಪಟ್ಟಿಯ ತುದಿಯಿಂದ ಕಣ್ಣೊರೆಸಿಕೊಂಡ. "ಇಷ್ಟು ವರ್ಷ ಕೂಡಿ ಆಡ್ತೀವಿ, ಒಬ್ಬರಾದ್ರೂ ಟೀಗೆ ಕರೆದಿರಲಿಲ್ಲ ನೋಡಿ. ಖಂಡಿತ ಬರ್ತೀನಿ."

"ನನಗೆ ಮೌನವಾಣಿ ಇಲ್ಲ," ಎಂದರು ಮೇಷ್ಟ್ರು ಮೆಲ್ಲಗೆ. "ಆದ್ರೂ ಬರಬಹುದಾ?"

"ಬನ್ನಿ ಮೇಷ್ಟ್ರೇ," ಎಂದ ಬೈಂಡರ್. ಬೇರೆ ಏನು ಹೇಳಿಯಾನು?

ಆಟ ಮುಗಿಯುವವರೆಗೆ ಅವನು ಎದುರಿಗೆ ನೋಡಲಿಲ್ಲ. ಎಲ್ಲರೂ ಇಳಿದು ಹೋಗುತ್ತಿದ್ದಾಗ, ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತ ಔಷಧಿ ಅಂಗಡಿಯಾಕೆ ಒಂದು ಕ್ಷಣ ತಡೆದಳು.

"ಚೆನ್ನಾಗಿ ಬರೆದಿದ್ರಿ," ಎಂದಳು.

ಅವನು ತಲೆ ಅಲ್ಲಾಡಿಸಿದ.

"ನಾನೊಬ್ಬಳೇ ಇಟ್ಟುಕೊಂಡು ಏನು ಮಾಡಲಿ ಆ ಶಕ್ತಿನ, ನಿಮಗೂ ಸಿಕ್ರೆ ಏನಾದ್ರೂ ಬರೀತೀರೇನೋ ಅಂದುಕೊಂಡೇ ಮೇಷ್ಟ್ರ ಹತ್ರ ಅಷ್ಟು ವಾದ ಮಾಡಿದ್ದು." ಆಕೆ ನಕ್ಕಳು, ನಗು ಕಣ್ಣಿನವರೆಗೆ ಹೋಗಲಿಲ್ಲ. "ಆದ್ರೆ ಅವರಿಬ್ಬರಿಗೂ ಸಿಕ್ಕಿದ ಮೇಲೇನೇ ಚೀಟಿ ಕೊಟ್ರಿ. ಎಲ್ಲರನ್ನೂ ಕರೀಬೇಕು ಅಂತಲೇ ಇತ್ತು ನಿಮಗೆ. ಇರಲಿ, ಅದೂ ಒಳ್ಳೇದೇ."

ಬೈಂಡರ್ ಬಾಯಿ ತೆರೆದ. ಎಂಬತ್ತಮೂರನೇ ಪುಟದಲ್ಲಿ ಇದಕ್ಕೆ ಬೇಕಾದ ಮಾತು ಯಾವುದೂ ಇರಲಿಲ್ಲ.

"ಇನ್ನೇನಾದ್ರೂ ಹೇಳೋದಿತ್ತಾ?" ಎಂದು ಕೇಳಿದಳು ಆಕೆ.

"ಏನಿಲ್ಲ," ಎಂದುಬಿಟ್ಟಿತು ಬಾಯಿ.

ಆಕೆ ಮೆಟ್ಟಿಲಿಳಿದು, ಬೀದಿ ದಾಟಿ, ದೀಪದ ಕಂಬದಾಚೆ ತಿರುಗಿ ಕಾಣದಾದಳು. ಅವನು ಅಲ್ಲೇ ನಿಂತಿದ್ದ. ಭಾವ ಮತ್ತೆ ಮೇಲೆ ಹತ್ತಿ ಬಂದು ಹೆಗಲ ಮೇಲೆ ಕೈಹಾಕಿದ.

"ಆ ಟೀ ಅಂಗಡಿ ಬೆಂಚು ಆರು ಜನಕ್ಕೆ ಸಾಲುತ್ತೇನೋ? ಫೋನ್ ಮಾಡಿದ್ದೆ, ನಿನ್ನ ಅಕ್ಕನೂ ಬರ್ತೀನಿ ಅಂತಾಳೆ."