ಬಿಡು ಅಂದರೆ ಬಿಡುವವಳು

ನಾಚಿಕೆ ಬಿಟ್ಟು ಹೇಳಿಬಿಡುತ್ತೇನೆ: ನಮ್ಮ ಕಾರಿನ ಬ್ರೇಕಿಗೆ ಗಾಳಿ ತುಂಬಿದವನು ನಾನೇ. (ಗಾಳಿ ತುಂಬಬೇಕಾದದ್ದು ಚಕ್ರಕ್ಕೆ ಎಂದು ನನಗೂ ಗೊತ್ತು. ದಯವಿಟ್ಟು ನಗಬೇಡಿ. ಮನೆಯಲ್ಲಿ ಈಗಾಗಲೇ ಇಬ್ಬರು ನಗುತ್ತಿದ್ದಾರೆ.)

ಇದಕ್ಕೆಲ್ಲ ಮೂಲ ನಮ್ಮ ಮೆಕ್ಯಾನಿಕ್. ಕಾರು ಓಡಿಸುವವಳು ನನ್ನ ಹೆಂಡತಿ. ದಿನಾ ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಟ್ಟು, ತಾನು ಆಸ್ಪತ್ರೆಯ ಲ್ಯಾಬಿಗೆ ಹೋಗುತ್ತಾಳೆ. ಹಾಗಾಗಿ ಆ ಮನುಷ್ಯ ಏನೇ ಹೇಳುವುದಿದ್ದರೂ ಅವಳ ಮುಖ ನೋಡಿ ಹೇಳುತ್ತಾನೆ. ನಾನು ಪಕ್ಕದಲ್ಲಿ ಸ್ಟೆಪ್ನಿಯಂತೆ ನಿಂತಿರುತ್ತೇನೆ. "ಮೇಡಂ, ಬ್ರೇಕ್ ಪ್ಯಾಡು ಸವೆದಿದೆ, ಹೋಸ್ ಪೈಪೂ ಹಳೇದಾಗಿದೆ" ಎಂದು ಅವನು ಅವಳಿಗೆ ಹೇಳಿದ್ದೇ ತಡ, ನನ್ನೊಳಗಿನ ಗಂಡಸು ಎದ್ದು ಕೂತ.

"ಇದೇನು ಮಹಾ! ಭಾನುವಾರ ನಾನೇ ಹಾಕ್ತೀನಿ" ಎಂದುಬಿಟ್ಟೆ. ನಾನು ವಿಮಾ ಕಚೇರಿಯ ಗುಮಾಸ್ತ. ಅಪಘಾತದ ಅರ್ಜಿಗಳ ಮೇಲೆ 'ಚಾಲಕನ ಅಜಾಗರೂಕತೆ' ಎಂದು ಹದಿನೆಂಟು ವರ್ಷ ಬರೆದ ಕೈಗೆ ಒಂದು ಸ್ಪ್ಯಾನರ್ ಭಾರವೇ?

ಪ್ಯಾಡು ಹಾಕಿದ್ದಾಯಿತು, ಪೈಪು ಬದಲಾಯಿಸಿದ್ದಾಯಿತು. ಉಳಿದದ್ದು ಏರ್ ತೆಗೆಯುವುದು. ಪೈಪು ಬಿಚ್ಚಿದ ಮೇಲೆ ಬ್ರೇಕ್ ಆಯಿಲಿನೊಳಗೆ ಗಾಳಿ ಸೇರಿಕೊಂಡಿರುತ್ತದೆ. ಅದನ್ನು ಓಡಿಸಲು ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು, ಒಂದು ಪುಟ್ಟ ನಟ್ಟು ಸಡಿಲಿಸಿ, ಗುಳ್ಳೆ ಹೊರಬಂದ ಮೇಲೆ ಬಿಗಿ ಮಾಡಬೇಕು. ಬಿಗಿ ಮಾಡಿದ ಮೇಲೆಯೇ ಪೆಡಲ್ ಬಿಡಬೇಕು. ಮೊದಲೇ ಬಿಟ್ಟರೆ ಹೊರಗೆ ಬಂದ ಗಾಳಿ ಹಾಗೇ ಒಳಗೆ ಹೋಗುತ್ತದೆ.

"ನಾನು ಒತ್ತು ಅಂದ್ರೆ ಒತ್ತಬೇಕು, ಬಿಡು ಅಂದ್ರೆ ಬಿಡಬೇಕು. ನಡುವೆ ಸ್ವಂತ ಬುದ್ಧಿ ಉಪಯೋಗಿಸಬಾರದು" ಎಂದು ಸೇನಾಧಿಪತಿಯ ಗತ್ತಿನಲ್ಲಿ ಹೆಂಡತಿಗೆ ಆಜ್ಞಾಪಿಸಿದೆ. ಅವಳು ಪಾಪ, ಉಪಯೋಗಿಸಲಿಲ್ಲ.

ನಾಲ್ಕೂ ಚಕ್ರಗಳಿಗೆ ಎರಡೆರಡು ಸುತ್ತು ಮಾಡಿದೆವು. ಆದರೂ ಪೆಡಲ್ ಮೆತ್ತಗೇ ಇತ್ತು.

"ರೀ, ಇದು ಒಳಗೊಳಗೇ ಹೋಗ್ತಿದೆ. ಮೊದಲು ಹೀಗಿರ್ಲಿಲ್ಲ."

"ಹೊಸ ಪ್ಯಾಡು, ನಾಲ್ಕು ದಿನ ಹಾಗೇ ಇರುತ್ತೆ ಬಿಡು."

"ನಾಳೆ ಇದರಲ್ಲಿ ಮಗೂನ ಕೂರಿಸ್ಕೊಂಡು ಹೋಗೋಳು ನಾನು. ಒಂದ್ಸಲ ಓಡಿಸಿ ನೋಡ್ತೀನಿ."

ಅಂಗಳದಲ್ಲೇ, ಇರುವೆಯ ವೇಗದಲ್ಲಿ ಓಡಿಸಿದಳು. ಗೇಟಿನ ಹತ್ತಿರ ಬ್ರೇಕ್ ಹಾಕಿದಳು. ಕಾರು ನಿಂತಿತು, ಆದರೆ ಕಸದ ಡಬ್ಬಿಯನ್ನು ಕೆಡವಿದ ಮೇಲೆ. ಆ ಸದ್ದಿಗೆ ಪೇಪರ್ ಹಿಡಿದು ಹೊರಬಂದವರು ನಮ್ಮ ಮಾವ, ಅಂದರೆ ಅವಳ ಅಪ್ಪ. ಮೂವತ್ತು ವರ್ಷ ಬಸ್ಸು ಓಡಿಸಿ ಒಂದು ಕೋಳಿಗೂ ತಗುಲಿಸದ ಪುಣ್ಯಾತ್ಮರು. ಬಗ್ಗಿ, ಕೈಯಿಂದಲೇ ಪೆಡಲ್ ಒತ್ತಿ ನೋಡಿದರು.

"ಅಳಿಯಂದ್ರೇ, ಇದು ಬ್ರೇಕೋ, ದಿಂಬೋ?"

ನಾನು ಬಿದ್ದ ಕಸದ ಡಬ್ಬಿಯನ್ನು ಎತ್ತಿ ನಿಲ್ಲಿಸಿದೆ.

"ಏರ್ ಹೇಗೆ ತೆಗೆದ್ರಿ, ಒಂದ್ಸಲ ತೋರ್ಸಿ."

"ಒತ್ತು" ಎಂದೆ. ಹೆಂಡತಿ ಒತ್ತಿದಳು. ನಟ್ಟು ಸಡಿಲಿಸಿದೆ. ಅದಕ್ಕೆ ಸಿಕ್ಕಿಸಿದ್ದ ಟ್ಯೂಬಿನಲ್ಲಿ ಗುಳ್ಳೆಗಳು ಸಾಲಾಗಿ ಕೆಳಗಿಟ್ಟಿದ್ದ ಬಾಟ್ಲಿಯ ಕಡೆ ಹೊರಟವು.

"ರೀ, ಕಾಲು ಪೂರ್ತಿ ಕೆಳಗೆ ಹೋಯ್ತು."

"ಅದೆಲ್ಲಾ ನಂಗೆ ಬಿಡು."

ಬಿಟ್ಟಳು. ಹೊರಟಿದ್ದ ಗುಳ್ಳೆಗಳೆಲ್ಲ ತಿರುಗಿ ಒಳಗೆ ಹೋದವು. ಮಾವ ಟ್ಯೂಬು ನೋಡಿದರು, ನನ್ನನ್ನು ನೋಡಿದರು. "ಇನ್ನೊಂದ್ಸಲ" ಎಂದರು.

"ಒತ್ತು."

"ರೀ, ನಟ್ಟು ಬಿಗಿ ಆಯ್ತಾ?"

"ಆಗುತ್ತೆ ಬಿಡು, ಏನವಸರ?"

ಬಿಟ್ಟಳು.

"ಅವಳು ಏನು ಕೇಳಿದ್ರೂ ನೀವು ಬಿಡು ಅಂತೀರಿ" ಎಂದರು ಮಾವ. "ಅವಳು ಬಿಡ್ತಾಳೆ."

"ಸ್ವಂತ ಬುದ್ಧಿ ಬೇಡ ಅಂದಿದ್ರಲ್ಲ" ಎಂದಳು ಹೆಂಡತಿ, ಕಿಟಕಿಯಿಂದ ತಲೆ ಹೊರಹಾಕಿ. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಜಗಳವಾಡಿ ಬಚಾವಾಗುತ್ತಿದ್ದೆ.

ಲ್ಯಾಬಿನಲ್ಲಿ ಮೇಲಿನ ಹುದ್ದೆಗೆ ಅರ್ಜಿ ಹಾಕಲಾ ಎಂದು ಅವಳು ಕೇಳಿದಾಗ "ಆ ತಲೆನೋವೆಲ್ಲಾ ನಿನಗ್ಯಾಕೆ, ಬಿಡು" ಅಂದಿದ್ದೆ. ಬಿಟ್ಟಿದ್ದಳು. ನಾಳೆಯ ಬೆಳಿಗ್ಗೆ, ಶಾಲೆಯ ಮುಂದಿನ ಆ ಇಳಿಜಾರು, ಹಿಂದಿನ ಸೀಟಿನಲ್ಲಿ ಮಗಳು, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದವು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. (ಬಿಡಲಿಲ್ಲ. ನಾನು ಹೇಳಿದರೆ ಬಿಡುವವಳು ಅವಳೊಬ್ಬಳೇ.)

ಮಾವ ನನ್ನ ಕೈಯಿಂದ ಸ್ಪ್ಯಾನರ್ ತೆಗೆದು ನನ್ನ ಹೆಂಡತಿಗೆ ಕೊಟ್ಟರು. ನನ್ನನ್ನು ಸೀಟಿನಲ್ಲಿ ಕೂರಿಸಿದರು. ಅವಳು "ಒತ್ತಿ" ಅಂದಾಗ ಒತ್ತಿದೆ, "ಎತ್ತಿ" ಅಂದಾಗ ಎತ್ತಿದೆ. ಮೂರು ಚಕ್ರ ಮುಗಿಯುವಷ್ಟರಲ್ಲಿ ಪೆಡಲ್ ಗಟ್ಟಿಯಾಗುತ್ತಾ ಬಂತು.

ಕೊನೆಯ ಚಕ್ರ. ಒತ್ತಿದೆ. ಅವಳು ನಟ್ಟು ಸಡಿಲಿಸಿದಳು. ಅವಳ ಮುಖ ಕಾಣುತ್ತಿರಲಿಲ್ಲವಾದ್ದರಿಂದ ನನಗೆ ಧೈರ್ಯ ಬಂತು.

"ತಪ್ಪಾಯ್ತು ಕಣೇ. ನೀನು ಹೇಳಿದ್ದನ್ನ ನಾನು ಕೇಳಿಸ್ಕೋಬೇಕಿತ್ತು. ಬ್ರೇಕಿಂದು ಮಾತ್ರ ಅಲ್ಲ."

ಚಕ್ರದ ಮರೆಯಿಂದ, ಎಷ್ಟೋ ದಿನಗಳಿಂದ ಕೇಳದಷ್ಟು ಮೆತ್ತಗಿನ ದನಿಯಲ್ಲಿ, "ಹೋಗ್ಲಿ ಬಿಡಿ" ಎಂದಳು.

ಬಿಟ್ಟೆ.

"ಅಳಿಯಂದ್ರೇ," ಎಂದರು ಮಾವ, ಟ್ಯೂಬನ್ನೇ ನೋಡುತ್ತಾ, "ಮೊದಲಿಂದ."