ಕಡಲ ಕೇರಿಗೆ ಹೋದ ಖಡಕ್ ರೊಟ್ಟಿ

ಒಳ್ಳೆ ಕೆಲಸಕ್ಕೆ ಹೊರಟಾಗಲೇ ನನಗೆ ಹೊಟ್ಟೆಕಿಚ್ಚು ಜಾಸ್ತಿ. ಜೊತೆಗೆ ಯಾವಾಗಲೂ ಖಾನಾಪುರದ ಮಾಸ್ತರು ಇರುತ್ತಾರೆ. ಇಬ್ಬರೂ ಬೆಳಗಾವಿಯ ಒಂದೇ ಶಾಲೆಯಲ್ಲಿ ಕಲಿಸುವವರು. ಮೆಚ್ಚುಗೆ ಮಾತ್ರ ಅವರೊಬ್ಬರಿಗೇ. ಕೊರೊನಾ ಕಾಲದಲ್ಲಿ ಕಾರವಾರದ ಕಡೆಯ ಮೀನುಗಾರರ ಕೇರಿಗೆ ದಿನಸಿ ಒಯ್ದಾಗಲೂ ಹಾಗೇ ಆಯಿತು. ಅಲ್ಲಿ ಒಬ್ಬರಾದರೂ ನನ್ನನ್ನು ನೆನೆಯಲಿ ಎಂಬುದೊಂದೇ ನನ್ನ ಆಸೆ.

ಗಂಟು

ದೋಣಿಗಳು ದಡದಲ್ಲೇ ನಿಂತು ಅವರ ಒಲೆ ಆರಿತ್ತು. ನಾನು ಟಿಳಕವಾಡಿಯ ನಮ್ಮ ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿದೆ. ಒಂದೊಂದು ಗಂಟಿನ ಮೇಲೂ ನನ್ನ ಫೋನ್ ನಂಬರು ಬರೆದೆ. ಮಾಸ್ತರು ತಮ್ಮೂರಿನ ಕುಚ್ಚಲಕ್ಕಿ ತಂದರು.

"ಅವ್ರು ಗಂಜಿ ಉಣ್ಣೂ ಮಂದಿ ರೀ," ಎಂದರು.

"ರೊಟ್ಟಿ ತಿಂದ್ ನೋಡ್ಲಿ, ಗಂಜಿ ಮರೀತಾರ," ಎಂದೆ.

ಅಕ್ಕಿ ನೋಡನೋಡುತ್ತ ಖಾಲಿಯಾಯಿತು. ನನ್ನ ರೊಟ್ಟಿಯನ್ನು ಒಬ್ಬ ಅಜ್ಜಿ ತಿರುವಿ ಮುರುವಿ ನೋಡಿ, ಗಂಜಿ ಪಾತ್ರೆಯ ಮೇಲೆ ಮುಚ್ಚಿದಳು. ಸರಿಯಾಗಿ ಕೂತಿತು ಬೇರೆ!

ಭಾಷಣ

ಕೈ ತೊಳೆಯುವುದು, ಮಾಸ್ಕು, ಅಂತರ ಎಂದು ಅರ್ಧ ತಾಸು ತಿಳಿಸಿ ಹೇಳಿದೆ. ಯಾರೂ ಮಿಸುಕಲಿಲ್ಲ. ಮಾಸ್ತರು ಕೊಂಕಣಿಯಲ್ಲಿ ಎರಡೇ ಮಾತು ಆಡಿದರು. ಎಲ್ಲರೂ ನಕ್ಕು ಮಾಸ್ಕು ಏರಿಸಿಕೊಂಡರು. ನನಗೆ ಮೈಯೆಲ್ಲ ಉರಿಯಿತು.

"ಏನಂದ್ರಿ ಅವ್ರಿಗೆ?"

"ಲಗೂನ ಮಾಸ್ಕ್ ಹಾಕ್ಕೊಳ್ರಿ, ಇಲ್ಲಾಂದ್ರ ಇವ್ರು ಮತ್ತ ಶುರು ಮಾಡ್ತಾರ ಅಂದೆ."

ಫೋನು

ಊರಿಗೆ ಬಂದ ಮೇಲೆ ಕೇರಿಯಿಂದ ದಿನಾ ಫೋನು ಬರುತ್ತಿದ್ದುದು ಮಾಸ್ತರಿಗೇ. ನನ್ನೆದುರೇ ಸ್ಪೀಕರ್ ಹಾಕಿ ಮಾತಾಡುವರು. ಕೇರಿಗೆ ಜ್ವರ ಹೊಕ್ಕ ಸುದ್ದಿಯೂ ಅವರಿಗೇ ಮೊದಲು. ಚಿಂತೆ ಇಬ್ಬರಿಗೂ, ಫೋನು ಒಬ್ಬರಿಗೆ!

ಒಂದು ದಿನ ಮಾಸ್ತರು ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ನನ್ನ ಫೋನು ರಿಂಗಾಯಿತು. ಅದೇ ಅಜ್ಜಿ! ತಕ್ಷಣ ಸ್ಪೀಕರ್ ಹಾಕಿದೆ.

"ಜ್ವರ ಬಿಟ್ಟಿದೆ, ಎಲ್ಲರೂ ಹುಷಾರಾಗಿದ್ದೇವೆ. ಆದ್ರೆ ಗಂಜಿಗೆ ರುಚಿ ಇಲ್ಲ, ಮೀನಿಗೆ ವಾಸನೆ ಇಲ್ಲ. ನಿಮ್ಮ ರೊಟ್ಟಿ ಮುರಿದ್ರೆ ಸಪ್ಪಳಾದ್ರೂ ಕೇಳ್ತದೆ, ಏನೋ ತಿಂದ ಹಾಗೆ ಆಗ್ತದೆ. ಇನ್ನಷ್ಟು ಕಳ್ಸಿ."

ಮಾಸ್ತರ ಮುಖ ಸಣ್ಣದಾಯಿತು. ನನ್ನ ಎದೆ ಉಬ್ಬಿತು.

"ಅಜ್ಜಿ, ರೊಟ್ಟಿ ತಂದಾಂವ ನಾನ ರೀ!"

"ಗೊತ್ತು, ಗೊತ್ತು. ರೊಟ್ಟಿ ಬಡಿದವರಿಗೆ ಫೋನ್ ಕೊಡಿ."

ಹೆಂಡತಿ ಫೋನು ಇಸಿದುಕೊಂಡು ಅಡುಗೆಮನೆಗೆ ಹೋದಳು. ಒಳಗಿನಿಂದ ನಗುವೋ ನಗು. ನಾನು ಬಾಗಿಲಲ್ಲೇ ನಿಂತೆ.

ಮಾಸ್ತರು ಕುರ್ಚಿ ಸರಿಸಿ ಹೇಳಿದರು: "ಬರ್ರಿ, ಕುಂದರ್ರಿ. ಇನ್ನ ಇಬ್ರೂ ಕೂಡೇ ಹೊಟ್ಟಿ ಉರಕೊಳ್ಳೂಣು."