ಹಡಗು ತಪ್ಪಿದ ಮಾರ್ಗರೆಟ್

ಕೆಲವು ಉದ್ಯೋಗಗಳನ್ನು ನೆಂಟರೆದುರು ಬಿಡಿಸಿ ಹೇಳಬಾರದು. ಯಾರಾದರೂ ಕೇಳಿದರೆ ನಾನು 'ಎಕ್ಸ್‌ಪೋರ್ಟು' ಎಂದಷ್ಟೇ ಹೇಳಿ ಕಾಫಿ ಲೋಟಕ್ಕೆ ಬಾಯಿಡುತ್ತೇನೆ. ಗುಂಡ್ಲುಪೇಟೆಯಲ್ಲಿ ಈರುಳ್ಳಿ ಮಂಡಿ ಇಟ್ಟಿರುವ ಷಡ್ಡಕ ಮಾತ್ರ ಅಷ್ಟಕ್ಕೆ ಬಿಡದೆ, ಯಾತರ ಎಕ್ಸ್‌ಪೋರ್ಟು ಎಂದು ಕೆದಕಿದ. ಸಮಾಧಿ ಕಲ್ಲು ಎಂದೆ. ಅವತ್ತಿನಿಂದ ಅವನ ಮನೆಯ ಶುಭಕಾರ್ಯಗಳ ಸುದ್ದಿ ನಮಗೆ ಕಾರ್ಯ ಮುಗಿದ ಮೇಲೆಯೇ ತಿಳಿಯುತ್ತದೆ.

ಚಾಮರಾಜನಗರದ ಕರಿಕಲ್ಲಿಗೆ ಹೊರದೇಶದ ಸತ್ತವರಲ್ಲಿ ಬಲು ಬೇಡಿಕೆ. ನಮ್ಮ ಕಾರ್ಖಾನೆಯಲ್ಲಿ ಅದನ್ನು ಕೊಯ್ದು, ಪಾಲಿಶ್ ಮಾಡಿ, ಹೆಸರು ಕೆತ್ತಿ, ಮರದ ಚೌಕಟ್ಟಿಗೆ ಬಿಗಿದು ಕಂಟೇನರಿಗೆ ಏರಿಸುತ್ತಾರೆ. ಏರಿಸುವ ಮುಂಚೆ ಅಕ್ಷರ ತಪ್ಪಿದೆಯೇ ಎಂದು ನೋಡುವುದು ನನ್ನ ಕೆಲಸ. ಕಲ್ಲಿನ ಭಾರಕ್ಕೆ ಕಂಟೇನರು ಅರ್ಧವೂ ತುಂಬುವ ಮೊದಲೇ ಸಾಕೆನ್ನುತ್ತದೆ. ಮಿಕ್ಕದ್ದೆಲ್ಲ ಬರೀ ಗಾಳಿ, ಅದಕ್ಕೂ ಸೀಲು ಹಾಕಿ ಹಡಗಿಗೆ ಕಳಿಸುತ್ತೇವೆ. ಒಮ್ಮೆ ಬುತ್ತಿ ತಂದ ಅವ್ವ ಒಳಗೆ ಇಣುಕಿ, ಇಷ್ಟೊಂದು ಜಾಗ ದಂಡ ಮಾಡುವವರು ನಿಮ್ಮಪ್ಪನಿಗೊಂದು ಕಲ್ಲು ಕೊಡಬಾರದೇ ಎಂದಳು. ಆಯುಷ್ಯವೆಲ್ಲ ಕ್ವಾರಿಯಲ್ಲಿ ದುಡಿದು, ಆ ಧೂಳಿಗೇ ಎದೆಗೂಡು ಒಪ್ಪಿಸಿ ಹೋದ ಅಪ್ಪನ ಸಮಾಧಿಯ ಮೇಲೆ ಇದ್ದದ್ದು ಒಂದು ಎಕ್ಕದ ಗಿಡ ಮಾತ್ರ.

ಅಂತೂ ಮಾರ್ಗರೆಟ್ ಎಂಬ ಯಾರೋ ಹೆಂಗಸಿನ ಹೆಸರಲ್ಲಿ ಒಂದಕ್ಷರ ಬಿಟ್ಟುಹೋಗಿ ಆಕೆಯ ಕಲ್ಲಿಗೆ ಹಡಗು ತಪ್ಪಿತು. ಬೇಕಾದರೆ ಒಯ್ಯಿ ಎಂದರು ಮಾಲೀಕರು. ತಂದು ಅಪ್ಪನ ತಲೆದೆಸೆಗೆ ನೆಟ್ಟೆವು. ತಿರುಗಿಸಿ ನಿಲ್ಲಿಸೋಣವೆಂದರೆ ಆ ಮಗ್ಗುಲು ಒರಟು. ಇದರ ಮೇಲೆ ಬೇರೆ ಹೆಂಗಸಿನ ಹೆಸರಿದೆ, ಅದೂ ತಪ್ಪಾಗಿ, ಎಂದು ಅಳುಕುತ್ತಲೇ ಹೇಳಿದೆ. ಅವ್ವ ಸೆರಗಿನಿಂದ ಕಲ್ಲು ಒರೆಸಿದಳು.

"ಇರ್ಲಿ ಬುಡ್ಲಾ. ನಿಮ್ಮಪ್ಪನ್ ಹೆಸ್ರ ಆ ಕ್ವಾರೀಲಿ ಯಾರ್ ನೆಟ್ಟುಗ್ ಕರ್ದಿದ್ರು? ನಂಗೂ ಇಂತದ್ದೇ ಒಂದ್ ತಂದ್ಬುಡು, ಬಿರ್ನೆ."

ಈಚೆಗೆ ಅವ್ವ ಎರಡು ತುತ್ತಿಗಿಂತ ಹೆಚ್ಚು ಉಣ್ಣುವುದಿಲ್ಲ. ಸಂಜೆ ಮನೆಗೆ ಹೋದರೆ ಕಲ್ಲು ಸಿಕ್ಕಿತೇ ಎಂಬುದೊಂದೇ ಪ್ರಶ್ನೆ. ನನಗೆ ಭಯ, ಕಲ್ಲು ಬಂದರೆ ಅವಳು ಹೊರಟೇಬಿಡುತ್ತಾಳೆ. ಅದಕ್ಕೇ ಈಗ ಕೆತ್ತುವವನ ಬೆನ್ನ ಹಿಂದೆಯೇ ನಿಂತು ಒಂದೊಂದಕ್ಷರವನ್ನೂ ಕಾಯುತ್ತೇನೆ. ಒಂದು ಕಲ್ಲಿಗೂ ಹಡಗು ತಪ್ಪುತ್ತಿಲ್ಲ. ನನ್ನಂಥ ನಿಷ್ಠಾವಂತ ಇನ್ನೊಬ್ಬನಿಲ್ಲ ಎಂದು ಮಾಲೀಕರು ಎಲ್ಲರೆದುರು ಹೊಗಳಿ ಶಾಲು ಹೊದಿಸಿದರು. ಅದನ್ನು ತಂದು ಅವ್ವನಿಗೆ ಹೊದಿಸಿ, ಇವತ್ತೂ ಯಾರೂ ತಪ್ಪು ಮಾಡಲಿಲ್ಲ ಕಣವ್ವ ಎಂದೆ.